ಕೈಗುಣವೆಂಬ ಅನ್ಯಾಯದ ತೀರ್ಪು

ಹಾಸನದ ಪೇಟೆಬೀದಿಯಿಂದ ಮೊದಲುಗೊಂಡು ಅರಕಲಗೂಡಿನ ಪಡುವಣ ಗಡಿಯಾಚೆಯ ಕೊಡ್ಲಿಪೇಟೆ, ಶನಿವಾರಸಂತೆಗಳವರೆಗೆ, ಕೋವಿಯನ್ನು ಬಲ್ಲವರು ನಾಲ್ವರು ಕಲೆತ ಎಡೆಯಲ್ಲೆಲ್ಲ, ಗುರಿ ತಪ್ಪಿದ ಈಡಿನ ಮಾತು ಬಂದೊಡನೆ ಒಂದೇ ತೀರ್ಪು ಸಿದ್ಧವಾಗಿರುತ್ತದೆ: ಹೊಡೆದವನ ಕೈ ಸರಿಯಿಲ್ಲ. ಸ್ವಲ್ಪ ಓದಿಕೊಂಡವರಾದರೆ ಕೈಯನ್ನು ಬಿಟ್ಟು ನಳಿಗೆಯನ್ನು ಹಿಡಿಯುತ್ತಾರೆ. ನಳಿಗೆ ಸವೆದಿದೆ, ಹೊಸದನ್ನು ಹಾಕಿಸಿದರೆ ಎಲ್ಲವೂ ನೆಟ್ಟಗಾಗುವುದೆಂದು ಸಮಾಧಾನ ಹೇಳುತ್ತಾರೆ. ಗುಂಡನ್ನು ಹೊರದೂಡಿದ ಹಿತ್ತಾಳೆಯ ತೋಟಾ ಹೇಗಿತ್ತು, ಅದರ ಬೆನ್ನಿಗೆ ಒತ್ತಿ ನಿಂತಿದ್ದ ಬೋಲ್ಟು ಆ ಹೊಡೆತವನ್ನು ಹೇಗೆ ತಾಳಿಕೊಂಡಿತು, ಆ ಕ್ಷಣದಲ್ಲಿ ಕೋವಿಯ ಉಕ್ಕಿನ ಮೈಯೆಲ್ಲ ಹೇಗೆ ಕಂಪಿಸಿತು ಎಂಬ ಪ್ರಶ್ನೆಗಳನ್ನು ಕೇಳುವವರೇ ವಿರಳ. ಕೈ ಮತ್ತು ನಳಿಗೆ ಎಂಬ ಎರಡೇ ಕಾರಣಗಳಲ್ಲಿ ಲಕ್ಷ್ಯವಿದ್ಯೆಯನ್ನೆಲ್ಲ ಮುಗಿಸಿಬಿಡುವ ಈ ರೂಢಿಯ ಮತವು ಶಾಸ್ತ್ರದೃಷ್ಟಿಯಿಂದ ಅಪೂರ್ಣವಾದುದು, ಮನುಷ್ಯರ ವಿಷಯದಲ್ಲಿ ಅನ್ಯಾಯಕರವಾದುದು ಎಂಬುದು ನನ್ನ ವಾದ.

ಶ್ರವಣಬೆಳಗೊಳವನ್ನು ಮಡಿಲಲ್ಲಿಟ್ಟುಕೊಂಡ ಚನ್ನರಾಯಪಟ್ಟಣದ ಸೀಮೆಯಲ್ಲಿ ಕುಳಿತು ಕೋವಿಯ ವಿಚಾರ ಬರೆಯುವುದು ಉಚಿತವೇ ಎಂದು ಕೇಳುವವರು ಇರಬಹುದು. ಅವರಿಗೆ ನನ್ನ ಉತ್ತರ ಸರಳವಾದುದು. ನಾನು ಬೇಟೆಯನ್ನು ಹೊಗಳಲು ಹೊರಟವನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಹೊಗಳಿಕೆಗೆ ಎಡೆಯೂ ಇಲ್ಲ. ಆದರೆ ಪರವಾನಗಿ ಪಡೆದ ಕೋವಿಗಳು ನಮ್ಮ ಊರುಗಳಲ್ಲಿ ಇವೆ; ಎನ್.ಸಿ.ಸಿ. ಸೇರಿದ ನಮ್ಮ ಹುಡುಗ ಹುಡುಗಿಯರು ಗುರಿಹಲಗೆಯ ಮುಂದೆ ಮಲಗಿ ರೈಫಲ್ ಹಿಡಿಯುತ್ತಾರೆ. ಕೊಡಗಿನ ಗಡಿಯಲ್ಲಿ ಕೈಲ್‌ಪೊಳ್ದಿನ ಹಬ್ಬಕ್ಕೆ ಕೋವಿಯನ್ನು ಪೂಜಿಸಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪದ್ಧತಿ ಇಂದಿಗೂ ಉಳಿದಿದೆ. ಇರುವ ವಸ್ತುವನ್ನು ಅರಿತು ಬಳಸುವುದಕ್ಕಿಂತ ಅರಿಯದೆ ಬಳಸುವುದು ಅಹಿಂಸೆಗೆ ಹತ್ತಿರವಾದುದೆಂದು ಯಾರೂ ಹೇಳಲಾರರು. ಎಲ್ಲಿಗೆ ಹೋಗಿ ಬೀಳುವುದೆಂದು ತಿಳಿಯದ ಗುಂಡಿಗಿಂತ ಕ್ರೂರವಾದುದು ಮತ್ತೊಂದಿಲ್ಲ.

ಈ ವಿಚಾರವು ನನ್ನಲ್ಲಿ ಬೇರೂರಿದ ಸಂದರ್ಭವನ್ನು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ, ಹಾಸನದ ಹೊರವಲಯದ ಒಂದು ಗುರಿತಾಣದಲ್ಲಿ, ಹೊಳೆನರಸೀಪುರದ ಕಡೆಯ ಒಬ್ಬ ಹುಡುಗನು ನೂರು ಮೀಟರಿನ ಗುರಿಹಲಗೆಗೆ ಐದು ಈಡು ಹೊಡೆದನು. ಒಂದೊಂದು ಈಡಿಗೂ ದೂರದರ್ಶಕದಲ್ಲಿ ನೋಡಿ ನಾನು ತೂತನ್ನು ಗುರುತು ಹಾಕಿಕೊಳ್ಳುತ್ತಿದ್ದೆನು. ಮೂರು ಗುಂಡುಗಳು ಎರಡು ಬೆರಳಗಲದ ಜಾಗದಲ್ಲಿ ಒಂದರ ಮಗ್ಗುಲಿಗೊಂದು ಕೂತಿದ್ದವು. ಎರಡನೆಯದೂ ಐದನೆಯದೂ ಮಾತ್ರ ಬಲಮೇಲಕ್ಕೆ ನಾಲ್ಕು ಬೆರಳಗಲ ದೂರ ಹಾರಿದ್ದವು. ಕಲಿಸುತ್ತಿದ್ದ ಹಿರಿಯರು ಹಲಗೆಯನ್ನು ಒಮ್ಮೆ ನೋಡಿ, "ಕೈ ನಡುಗ್ತಲ್ಲೋ ಮಗಾ" ಎಂದರು. ಹುಡುಗನು ತಲೆ ತಗ್ಗಿಸಿದನಾದರೂ, "ಇಲ್ಲ ಮಾವಯ್ಯ, ಎರಡು ಸಲವೂ ಗುರಿ ಮಧ್ಯದಲ್ಲೇ ಇತ್ತು" ಎಂದು ಮೆಲ್ಲನೆ ಹೇಳಿದನು. ಆ ಮಾತನ್ನು ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಮರುಗಳಿಗೆ ಅದೇ ರೈಫಲನ್ನು ಮರಳುಚೀಲದ ಮೇಲಿಟ್ಟು ಹಿರಿಯರು ತಾವೇ ಹೊಡೆದರು. ಅವರ ಐದರಲ್ಲಿಯೂ ಒಂದು ಬಲಮೇಲಕ್ಕೇ ಹಾರಿತು. ಆ ಒಂದರ ಬಗ್ಗೆ ಅವರು ಏನೂ ಹೇಳಲಿಲ್ಲ. ಹುಡುಗನ ಹೆಸರಿನ ಮುಂದೆ ಬರೆದ ಷರಾ ಮಾತ್ರ ಹಾಗೆಯೇ ಉಳಿಯಿತು.

ಕೇಳಿಕೊಂಡು, ಹುಡುಗನ ಐದು ಖಾಲಿ ತೋಟಾಗಳನ್ನು ಒಂದು ದಿನದ ಮಟ್ಟಿಗೆ ಇಸಿದುಕೊಂಡು, ಹೊಡೆದ ಕ್ರಮದಲ್ಲಿಯೇ ಕಾಗದದಲ್ಲಿ ಸುತ್ತಿ, ಚನ್ನರಾಯಪಟ್ಟಣದ ಪರಿಚಯದ ಅಕ್ಕಸಾಲಿಗರೊಬ್ಬರ ಅಂಗಡಿಗೆ ಒಯ್ದೆನು. ಚಿನ್ನ ತೂಗುವ ತಕ್ಕಡಿಯಲ್ಲಿ ಅವನ್ನು ಒಂದೊಂದಾಗಿ ಇಟ್ಟಾಗ ಎರಡನೆಯ ಈಡಿನ ತೋಟಾ ಉಳಿದವಕ್ಕಿಂತ ಎರಡು ಗುಲಗಂಜಿಗೂ ಮಿಕ್ಕಿ ಭಾರವಾಗಿತ್ತು. ಐದನೆಯದು ತೂಕದಲ್ಲಿ ಬೇರೆಯಾಗಿರಲಿಲ್ಲ. ಆದರೆ ಅದನ್ನು ಗಾಜಿನ ಹಲಗೆಯ ಮೇಲೆ ಬುಡವೂರಿ ನಿಲ್ಲಿಸಿದಾಗ ನೆಟ್ಟಗೆ ನಿಲ್ಲದೆ ಒಂದು ಕಡೆಗೆ ವಾಲಿತು, ಉರುಳಿಸಿದಾಗ ಅದರ ಬುಡವು ಕುಂಟಿತು. ಬೆಳಕಿಗೆ ಹಿಡಿದು ನೋಡಿದರೆ, ಬುಡಕ್ಕೆ ಸಮೀಪದಲ್ಲಿ ಹಿತ್ತಾಳೆಯು ಹಿಗ್ಗಿದ ಕಡೆ ಒಂದು ಬೆಳ್ಳನೆಯ ಹೊಳಪಿನ ಉಂಗುರ ಕಾಣಿಸಿತು. ಆ ಉಂಗುರ ಸುತ್ತಲೂ ಒಂದೇ ಸಮನಾಗಿರಲಿಲ್ಲ. ಒಂದು ಮಗ್ಗುಲಲ್ಲಿ ಅಗಲವಾಗಿ, ಎದುರು ಮಗ್ಗುಲಲ್ಲಿ ಮಾಸಿ ಹೋಗಿತ್ತು. ಐದು ತೋಟಾಗಳಿಂದ ಸಿದ್ಧಾಂತ ಕಟ್ಟಲಾಗದೆಂಬುದನ್ನು ನಾನು ಬಲ್ಲೆ. ಆದರೆ ಹುಡುಗನ ಕೈಯನ್ನು ದೂಷಿಸುವ ಮೊದಲು ಕೇಳಬೇಕಾಗಿದ್ದ ಪ್ರಶ್ನೆಯೊಂದು ಅಲ್ಲಿ ಹಿತ್ತಾಳೆಯ ಮೇಲೆ ಬರೆದಂತೆ ಇತ್ತು.

ಕೈಯ ಮಹತ್ವವನ್ನು ನಾನು ಅಲ್ಲಗಳೆಯುತ್ತಿಲ್ಲ. ಕೋವಿಯ ಕುದುರೆಯನ್ನು ಹಿಂಡದೆ ಜಗ್ಗುವವನು, ಉಸಿರನ್ನು ಹಿಡಿತದಲ್ಲಿಡಲಾರದವನು, ಸದ್ದಿಗೆ ಮೊದಲೇ ಕಣ್ಣು ಮುಚ್ಚುವವನು ಎಂಥ ಕೋವಿಯಿಂದಲೂ ಗುರಿ ಮುಟ್ಟಲಾರನು. ಆದರೆ ಕೈಯೊಂದೇ ಕಾರಣವಾಗಿದ್ದರೆ, ಕೈಯನ್ನು ತೆಗೆದುಹಾಕಿದೊಡನೆ ಗುಂಡುಗಳೆಲ್ಲ ಒಂದೇ ತೂತಿನಲ್ಲಿ ಹಾಯ್ದುಹೋಗಬೇಕಾಗಿತ್ತಲ್ಲವೆ? ಅಮೆರಿಕದ ಮ್ಯಾಸಚೂಸೆಟ್ಸ್ ಸೀಮೆಯ ವೈದ್ಯ ಫ್ರಾಂಕ್ಲಿನ್ ಮ್ಯಾನ್ ಎಂಬಾತನು ಈ ಪರೀಕ್ಷೆಯನ್ನೇ ಮಾಡಿದನು. ಕಾಂಕ್ರೀಟಿನ ಭಾರಿ ಕಟ್ಟೆಯೊಂದನ್ನು ನೆಲದಲ್ಲಿ ಊರಿ, ಅದಕ್ಕೆ ಜಿಬ್ರಾಲ್ಟರ್ ಬಂಡೆಯ ಹೆಸರನ್ನಿಟ್ಟು, ಮನುಷ್ಯನ ಭುಜವೂ ಬೆರಳೂ ಕಣ್ಣೂ ಸೋಕದಂತೆ ನಳಿಗೆಯನ್ನು ಅದರ ಮೇಲೆ ಕೂರಿಸಿ, ವರ್ಷಗಟ್ಟಲೆ ಗುಂಡು ಹಾರಿಸಿ, ಕಂಡದ್ದನ್ನೆಲ್ಲ 1909ರಲ್ಲಿ ಒಂದು ದೊಡ್ಡ ಗ್ರಂಥವಾಗಿ ಪ್ರಕಟಿಸಿದನು. ಬಂಡೆಯ ಮೇಲೆ ಕೂತ ನಳಿಗೆಯಿಂದಲೂ ಗುಂಡುಗಳು ಚದರಿದವು. ನಡುಗುವ ಕೈಯೇ ಇಲ್ಲದ ಕಡೆ ಗುರಿ ಚದರಿದ ಮೇಲೂ, ನೂರು ವರ್ಷ ಕಳೆದ ನಂತರ ನಾವು ಹುಡುಗರ ಕೈಯನ್ನೇ ದೂರುತ್ತ ಕೂತಿರುವುದು ವಿಚಾರವಂತರಿಗೆ ತಕ್ಕ ನಡತೆಯಲ್ಲ.

ಹಾಗಾದರೆ ತೋಟಾ ಮಾಡುವುದೇನು? ಅದರ ಹಿತ್ತಾಳೆಯ ಕೋಶವು ಮದ್ದನ್ನು ತುಂಬುವ ಡಬ್ಬಿ ಮಾತ್ರವೆಂದು ತಿಳಿಯುವುದರಿಂದಲೇ ತಪ್ಪು ಮೊದಲಾಗುತ್ತದೆ. ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತುವಿನ ಹಿತ್ತಾಳೆಯ ಬಿಲ್ಲೆಯನ್ನು ಬಟ್ಟಲಾಗಿ ಒತ್ತಿ, ಆ ಬಟ್ಟಲನ್ನು ಮತ್ತೆ ಮತ್ತೆ ಕಾಯಿಸಿ, ಅಚ್ಚಿನೊಳಗೆ ಎಳೆದೆಳೆದು ಕೊಳವೆಯಾಗಿಸುತ್ತಾರೆ. ಒತ್ತುವ ಮೊಳೆಯು ಅಚ್ಚಿನ ನಡುವಿನಿಂದ ಕೂದಲೆಳೆಯಷ್ಟು ಸರಿದರೂ ಕೊಳವೆಯ ಗೋಡೆ ಒಂದು ಕಡೆ ದಪ್ಪವಾಗಿ ಇನ್ನೊಂದು ಕಡೆ ತೆಳುವಾಗುತ್ತದೆ. ಹೊರಗಿನ ಕಣ್ಣಿಗೆ ಅದು ಕಾಣದು. ಹೊರಮೈ ಎಲ್ಲ ತೋಟಾಗಳಲ್ಲಿಯೂ ಒಂದೇ. ಬೇಲೂರಿನ ಗುಡಿಯಲ್ಲಿ ಕಡೆದ ಬಳಪದಕಲ್ಲಿನ ಕಂಬಗಳನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ: ತಿರುಗುವ ಕಲ್ಲಿನ ಅಕ್ಷ ಒಂದಿಷ್ಟು ವಾಲಿದರೂ ಬಳೆಗಳ ಸಾಲು ಕೆಡುವುದೆಂಬುದನ್ನು ಹೊಯ್ಸಳರ ಶಿಲ್ಪಿಗಳು ಬಲ್ಲವರಾಗಿದ್ದರು. ಅವರು ಕಲ್ಲಿನಲ್ಲಿ ಸಾಧಿಸಿದ ಏಕಕೇಂದ್ರತೆಯನ್ನು, ಲಕ್ಷಗಟ್ಟಲೆ ತೋಟಾ ತಯಾರಿಸುವ ಯಂತ್ರವು ಒಂದೊಂದರಲ್ಲಿಯೂ ಸಾಧಿಸೀತೆಂದು ನಿರೀಕ್ಷಿಸಲಾಗದು.

ಈಗ ಕುದುರೆ ಎಳೆದ ಕ್ಷಣವನ್ನು ನೋಡಬೇಕು. ತೋಟಾದ ಮನೆಯೊಳಗೆ ಅನಿಲದ ಒತ್ತಡವು ಒಂದು ಚದರ ಸೆಂಟಿಮೀಟರಿಗೆ ಮೂರು ಸಾವಿರ ಕಿಲೋಗ್ರಾಮಿನಷ್ಟಕ್ಕೆ ಏರುತ್ತದೆ. ಬಲವಾದ ರೈಫಲುಗಳಲ್ಲಿ ಬೋಲ್ಟಿನ ಮುಖದ ಮೇಲೆ ಬೀಳುವ ದೂಡು ಸುಮಾರು ಮೂರು ಟನ್. ಪ್ರಾಯಕ್ಕೆ ಬಂದ ಹೆಣ್ಣಾನೆಯೊಂದು ಗೋಲಿಯಷ್ಟಗಲದ ಜಾಗದ ಮೇಲೆ ಒಂದು ಕ್ಷಣ ನಿಂತಂತೆ ಎಂದು ಭಾವಿಸಿದರೆ ಆ ಬಲದ ಅಂದಾಜು ಸಿಗುತ್ತದೆ. ಕೋಶದ ಗೋಡೆಯು ಹಿಗ್ಗಿ ಉಕ್ಕಿಗೆ ಅಂಟಿಕೊಳ್ಳುತ್ತದೆ, ಬುಡವು ಹಿಂದಕ್ಕೆ ಸರಿದು ಬೋಲ್ಟನ್ನು ಒತ್ತುತ್ತದೆ. ಗೋಡೆ ಸುತ್ತಲೂ ಸಮವಾಗಿದ್ದರೆ ಬುಡ ನೆಟ್ಟಗೆ ಸರಿಯುವುದು. ಒಂದು ಮಗ್ಗುಲು ತೆಳುವಾಗಿದ್ದರೆ ಆ ಮಗ್ಗುಲು ಹೆಚ್ಚು ಹಿಗ್ಗಿ, ಬುಡವು ವಾಲಿ, ಮೂರು ಟನ್ನಿನ ದೂಡು ಬೋಲ್ಟಿನ ನಡುವಿಗೆ ಬೀಳದೆ ಪಕ್ಕಕ್ಕೆ ಬೀಳುವುದು. ನಾನು ಕಂಡ ಉಂಗುರವು ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಮಾಸಿದ್ದಕ್ಕೆ ಕಾರಣ ಇದೇ. ಆಮೇಲೆ ಆ ರೈಫಲಿನ ಬೋಲ್ಟನ್ನು ಬಿಚ್ಚಿ ನೋಡಿದಾಗ, ದೂಡನ್ನು ಹೊರಬೇಕಾದ ಅದರ ಎರಡು ಚಾಚುಗಳಲ್ಲಿ ಒಂದರ ಬೆನ್ನು ಉಜ್ಜಿ ಕನ್ನಡಿಯಂತಾಗಿತ್ತು. ಇನ್ನೊಂದರ ಮೇಲೆ ಕಾರ್ಖಾನೆಯ ಕಪ್ಪು ಬಣ್ಣ ಹಾಗೆಯೇ ಇತ್ತು. ಇಬ್ಬರು ಹೊರಬೇಕಾದ ಪಲ್ಲಕ್ಕಿಯನ್ನು ಒಬ್ಬನ ಹೆಗಲಿಗೆ ಬಿಟ್ಟರೆ ದೇವರು ಓರೆಯಾಗುವುದು ಸಹಜ. ಬೋಲ್ಟನ್ನೂ ಅದನ್ನು ಹಿಡಿದ ಉಕ್ಕಿನ ಗೂಡನ್ನೂ ಸೇರಿಸಿ ಆಕ್ಷನ್ ಎನ್ನುತ್ತಾರೆ; ನಳಿಗೆಯನ್ನು ತಿರುಪಿ ಕೂರಿಸಿರುವುದು ಆ ಗೂಡಿಗೇ. ಗೂಡು ಓರೆಯಾಗಿ ಬಾಗಿದರೆ ನಳಿಗೆಯು ಬಾಗದೆ ಇರಲಾರದು.

ಇಲ್ಲಿ ಒಂದು ಆಕ್ಷೇಪ ಬರುವುದುಂಟು: ಕೋವಿ ಅದುರುವುದು ಗುಂಡು ಹೊರಟ ಮೇಲೆ ತಾನೆ, ಹೊರಟುಹೋದ ಗುಂಡಿಗೆ ಅದರಿಂದೇನು ಎಂದು. ಇದು ಕಿವಿಗೂ ಭುಜಕ್ಕೂ ಆದ ಭ್ರಮೆ. ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು ಕಾಲ. ಆದರೆ ಉಕ್ಕಿನಲ್ಲಿ ಕಂಪನದ ಅಲೆಯು ಸೆಕೆಂಡಿಗೆ ಸುಮಾರು 5000 ಮೀಟರ್ ವೇಗದಲ್ಲಿ ಓಡುತ್ತದೆ; ಗುಂಡು ಬಾಯಿಗೆ ಬರುವಷ್ಟರಲ್ಲಿ ಆ ಅಲೆಯು ಅರವತ್ತು ಸೆಂಟಿಮೀಟರ್ ನಳಿಗೆಯನ್ನು ಎಂಟಕ್ಕೂ ಹೆಚ್ಚು ಬಾರಿ ಹಾಯ್ದಿರಬಲ್ಲದು. ಜರ್ಮನಿಯ ಕ್ರಾಂಜ್ ಮತ್ತು ಕಾಖ್ ಎಂಬುವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ನಳಿಗೆಯ ಕಂಪನವನ್ನು ಅಳೆದಿದ್ದರು. ಇಂಗ್ಲೆಂಡಿನ ಮ್ಯಾಲಕ್ ಎಂಬ ವಿಜ್ಞಾನಿಯು 1901ರಲ್ಲಿ ಅಲ್ಲಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ರೈಫಲ್ ನಳಿಗೆಗಳ ಕಂಪನವನ್ನು ಗಣಿತದಿಂದ ವಿವರಿಸಿದನು.

ಕಂಪನದ ಈ ಮಾತು ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಕಾವೇರಿಯ ದಡದ ಸಂಗೀತಗಾರರ ಊರು; ಅಲ್ಲಿ ವಿದ್ವಾನ್ ಆರ್.ಕೆ. ಪದ್ಮನಾಭರು ಕಟ್ಟಿಸಿದ ಧ್ಯಾನಮಂದಿರವು ತಂಬೂರಿಯ ಆಕಾರದಲ್ಲಿಯೇ ನಿಂತಿದೆ. ಆ ಊರಿನ ಕಛೇರಿಯಲ್ಲಿ ಮೃದಂಗದವರು ಕೂತೊಡನೆ ಮಾಡುವುದೇನು? ಅಂಚಿನ ಸುತ್ತ ಒಂದೊಂದು ಎಡೆಯಲ್ಲಿಯೂ ಬೆರಳಾಡಿಸಿ ಕೇಳಿ, ಏರಿದ ಕಡೆ ಇಳಿಸಿ, ಇಳಿದ ಕಡೆ ಏರಿಸಿ, ಕಲ್ಲಿನಿಂದ ತಟ್ಟಿ ತಟ್ಟಿ ಬಿಗಿತವನ್ನು ಸುತ್ತಲೂ ಸಮ ಮಾಡುತ್ತಾರೆ. ಒಂದು ಮಗ್ಗುಲಿನಲ್ಲಿ ಬಿಗಿತ ಹೆಚ್ಚಿದರೆ ಎಂಥ ಪಳಗಿದ ಬೆರಳಿನಿಂದಲೂ ಶುದ್ಧ ನಾದ ಹೊರಡದು. ನಡುವಿನ ಕರಣೆಯು ಚರ್ಮದ ಕಂಪನಗಳನ್ನು ಹೇಗೆ ಸ್ವರಬದ್ಧಗೊಳಿಸುವುದೆಂಬುದನ್ನು ಸಿ.ವಿ. ರಾಮನ್ ಅವರು 1920ರಲ್ಲಿಯೇ ಪ್ರಕಟಪಡಿಸಿದರು. ಮೃದಂಗದ ನಾದ ಕೆಟ್ಟರೆ ಮೊದಲು ವಾದ್ಯದ ಶ್ರುತಿಯನ್ನು ನೋಡುವ ನಾವು, ರೈಫಲಿನ ಗುರಿ ಕೆಟ್ಟರೆ ಮಾತ್ರ ಮೊದಲು ಬೆರಳನ್ನು ದೂರುವುದೇಕೆ?

ಇನ್ನೊಂದು ಆಕ್ಷೇಪ ಓದಿದವರದು. ತೋಟಾಗಳ ವ್ಯತ್ಯಾಸದಿಂದ ಗುಂಡಿನ ವೇಗ ಒಂದಿಷ್ಟು ಹೆಚ್ಚುಕಡಿಮೆಯಾದೀತು, ನೂರು ಮೀಟರಿನಲ್ಲಿ ಅದು ಲೆಕ್ಕಕ್ಕಿಲ್ಲ ಎಂದು ಅವರು ಹೇಳುತ್ತಾರೆ. ಅವರ ಲೆಕ್ಕವನ್ನೇ ಮಾಡಿ ನೋಡೋಣ. ಸೆಕೆಂಡಿಗೆ 800 ಮೀಟರ್ ವೇಗದ ಗುಂಡು ನೂರು ಮೀಟರನ್ನು ಸೆಕೆಂಡಿನ ಎಂಟನೆಯ ಒಂದು ಭಾಗದಲ್ಲಿ ದಾಟುತ್ತದೆ. ಅಷ್ಟು ಹೊತ್ತಿನಲ್ಲಿ ಭೂಮಿಯ ಸೆಳೆತಕ್ಕೆ ಅದು ಬೀಳುವುದು ಸುಮಾರು 8 ಸೆಂಟಿಮೀಟರ್. ವೇಗವು ನೂರಕ್ಕೆ ಒಂದರಷ್ಟು, ಅಂದರೆ 8 ಮೀಟರಿನಷ್ಟು, ಬದಲಾದರೂ ಬೀಳುವ ಪ್ರಮಾಣದಲ್ಲಿ ಆಗುವ ವ್ಯತ್ಯಾಸ ಒಂದೂವರೆ ಮಿಲಿಮೀಟರ್ ಮಾತ್ರ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಗುಂಡುಗಳು ಚದರಿದ್ದು ಒಂದೂವರೆ ಮಿಲಿಮೀಟರ್ ಅಲ್ಲ, ನಾಲ್ಕು ಬೆರಳಗಲ. ಮೇಲುಕೆಳಗಿಗೆ ಮಾತ್ರವಲ್ಲ, ಪಕ್ಕಕ್ಕೂ. ಭೂಮಿಯ ಸೆಳೆತ ಗುಂಡನ್ನು ಬಲಕ್ಕೆ ಎಳೆಯಲಾರದು. ಆದುದರಿಂದ ಆ ಲೆಕ್ಕವು ತೋಟಾವನ್ನು ನಿರ್ದೋಷಿಯೆಂದು ಸಾರುವ ಬದಲು, ತೋಟಾದ ದೋಷವು ವೇಗದ ಮೂಲಕವಲ್ಲದೆ ಬೇರೆ ದಾರಿಯಿಂದ ಬರುತ್ತದೆಂಬುದನ್ನೇ ತೋರಿಸುತ್ತದೆ. ಆ ದಾರಿ ಕಂಪನದ ದಾರಿ. ಅರವತ್ತು ಸೆಂಟಿಮೀಟರ್ ನಳಿಗೆಯ ತುದಿ ಮಿಲಿಮೀಟರಿನ ಆರನೆಯ ಒಂದು ಭಾಗದಷ್ಟು ಓರೆಯಾದರೆ ಸಾಕು, ನೂರು ಮೀಟರಿನಲ್ಲಿ ಗುಂಡು ಸುಮಾರು 28 ಮಿಲಿಮೀಟರ್ ಆಚೆ ಹೋಗುತ್ತದೆ. ವೇಗದ ವ್ಯತ್ಯಾಸದಿಂದ ಆದದ್ದರ ಸುಮಾರು ಹದಿನೆಂಟರಷ್ಟು ಇದು.

ನಳಿಗೆಯನ್ನೇ ಸರ್ವಸ್ವವೆನ್ನುವವರಿಗೆ ಲೀ-ಎನ್‌ಫೀಲ್ಡ್ ರೈಫಲಿನ ಕಥೆಯೇ ಉತ್ತರ. ನಮ್ಮ ಪೊಲೀಸರೂ ಎನ್.ಸಿ.ಸಿ. ಹುಡುಗರೂ ದಶಕಗಳ ಕಾಲ ಹೆಗಲಿಗೇರಿಸಿದ .303 ಕೋವಿ ಇದೇ, ಈಶಾಪುರದ ಕಾರ್ಖಾನೆಯ .315 ರೈಫಲನ್ನು ಕಟ್ಟಿದ್ದೂ ಇದೇ ಆಕ್ಷನ್ನಿನ ಮೇಲೆ. ಇದರ ಬೋಲ್ಟಿನ ಚಾಚುಗಳಿರುವುದು ಮುಂದಲ್ಲ, ಹಿಂದೆ; ಗೂಡಿನ ಎಡಗೋಡೆ ಎತ್ತರ, ಬಲಗೋಡೆ ತಗ್ಗು. ಈಡು ಹಾರಿದಾಗ ಗೂಡು ಎರಡು ಕಡೆಗೂ ಸಮವಾಗಿ ಹಿಗ್ಗದೆ ನಳಿಗೆಯನ್ನು ಮೇಲುಕೆಳಗೆ ಬಡಿದಾಡಿಸುತ್ತದೆ. ನಿಧಾನವಾದ ಗುಂಡು ಬಾಯಿಗೆ ಬರುವ ಹೊತ್ತಿಗೆ ನಳಿಗೆ ಇನ್ನಷ್ಟು ಮೇಲೆದ್ದಿರುವುದರಿಂದ, ಅದು ಎತ್ತರದ ದಾರಿ ಹಿಡಿದು ದೂರದಲ್ಲಿ ವೇಗದ ಗುಂಡನ್ನು ಕೂಡಿಕೊಳ್ಳುತ್ತದೆ. ಈ ಕಾರಣದಿಂದಲೇ ಹತ್ತಿರದ ಗುರಿಯಲ್ಲಿ ಸಾಧಾರಣವೆನಿಸಿದ ಆ ಕೋವಿಯನ್ನು ಇಂಗ್ಲೆಂಡಿನ ಬಿಸ್ಲಿಯ ಸ್ಪರ್ಧಿಗಳು ಸಾವಿರ ಗಜದ ಗುರಿಗೆ ಮೆಚ್ಚಿಕೊಂಡಿದ್ದರು. ನಳಿಗೆಯೇ ಸರ್ವಸ್ವವಾಗಿದ್ದರೆ ಒಂದೇ ನಳಿಗೆಯು ಹತ್ತಿರದಲ್ಲಿ ಹಿಂದುಳಿದು ದೂರದಲ್ಲಿ ಮುಂದಾಗುವುದು ಹೇಗೆ? ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಹೆರಾಲ್ಡ್ ವಾನ್ ಎಂಬ ವಿಜ್ಞಾನಿಯು 1998ರ ತನ್ನ ಪುಸ್ತಕದಲ್ಲಿ ಗೂಡಿನ ಅಸಮತೆ, ನಳಿಗೆಯ ತಿರುಪಿನ ಸಂದಿಯ ಅಲುಗಾಟ ಮೊದಲಾದವನ್ನು ಉಪಕರಣಗಳಿಂದ ಅಳೆದು ತೋರಿಸಿದ್ದಾನೆ. ಹಳೆಯ ಗೂಡಿಗೆ ಹೊಸ ನಳಿಗೆ ಹಾಕಿಸಿ, ತೋಟಾವನ್ನು ಹಾಗೆಯೇ ಬಿಟ್ಟು, ಗುರಿ ಸರಿಹೋಗಲಿಲ್ಲವೆಂದು ಮರುಗುವವರು ಈ ಕಾರಣಗಳನ್ನು ಒಮ್ಮೆ ಯೋಚಿಸಬೇಕು.

ಇವೆಲ್ಲ ಸ್ಪರ್ಧಿಗಳ ಚಿಂತೆ, ನಮ್ಮ ತೋಟದವನಿಗೂ ಶಾಲೆಯ ಹುಡುಗನಿಗೂ ಏತಕ್ಕೆ ಎಂಬುದು ಕೊನೆಯ ಆಕ್ಷೇಪ. ನೂರು ಗಜದಲ್ಲಿ ಐದು ಗುಂಡುಗಳನ್ನು ಕಾಲು ಅಂಗುಲದೊಳಗೆ ಕೂರಿಸುವ ಹೊರನಾಡಿನ ಸ್ಪರ್ಧಿಗಳು ಕೋಶಗಳನ್ನು ತೂಗಿ, ಗೋಡೆಯ ದಪ್ಪವನ್ನು ಅಳೆದು, ತಮ್ಮ ಕೋವಿಯ ಮನೆಗೆ ಹೊಂದಿಕೊಂಡ ಕೋಶಗಳನ್ನೇ ಕಾದಿಡುತ್ತಾರೆ. ಐವತ್ತು ಮೀಟರಿನಲ್ಲಿ 10.4 ಮಿಲಿಮೀಟರಿನ ನಡುವಣ ವೃತ್ತವನ್ನು ಹೊಡೆಯಬೇಕಾದ .22 ಸ್ಪರ್ಧಿಗಳು, ತಮ್ಮ ರೈಫಲನ್ನು ಯಂತ್ರದ ಹಿಡಿಯಲ್ಲಿ ಬಿಗಿದು, ಒಂದೊಂದು ತಂಡದ ತೋಟಾಗಳನ್ನೂ ಪರೀಕ್ಷಿಸಿ, ಒಪ್ಪಿದ ತಂಡವನ್ನೇ ಕೊಳ್ಳುತ್ತಾರೆ. ಅಷ್ಟು ಸೌಕರ್ಯ ನಮಗಿಲ್ಲ, ನಿಜ. ಪರವಾನಗಿಯಲ್ಲಿ ಬರೆದ ಸಂಖ್ಯೆಯನ್ನು ಮೀರಿ ಒಂದು ತೋಟಾವನ್ನೂ ಕೊಳ್ಳಲಾಗದ ನಮ್ಮಲ್ಲಿ ಒಂದೊಂದು ಈಡೂ ಅಮೂಲ್ಯ. ಅದಕ್ಕಾಗಿಯೇ ಈ ತಿಳಿವಳಿಕೆ ಅವರಿಗಿಂತ ನಮಗೆ ಹೆಚ್ಚು ಬೇಕು. ಕೈಯನ್ನು ದೂಷಿಸುವ ತೀರ್ಪು ವಿಚಾರಣೆಯ ಬಾಗಿಲನ್ನು ಮುಚ್ಚಿಬಿಡುತ್ತದೆ; ತಪ್ಪು ಮನುಷ್ಯನದೆಂದು ಒಮ್ಮೆ ನಿರ್ಧರಿಸಿದವರು ತೋಟಾವನ್ನು ತೂಗುವುದಿಲ್ಲ, ಬೋಲ್ಟನ್ನು ಬಿಚ್ಚುವುದಿಲ್ಲ. ದೋಷ ಇದ್ದಲ್ಲಿಯೇ ಇರುತ್ತದೆ. ಹದಿನಾರು ವರ್ಷದ ಹುಡುಗನೊಬ್ಬನ ಮನಸ್ಸಿನಲ್ಲಿ ತನ್ನ ಕೈ ನಂಬಲರ್ಹವಲ್ಲವೆಂಬ ಮುಳ್ಳು ಮಾತ್ರ ಮುರಿದು ಉಳಿಯುತ್ತದೆ.

ನಮ್ಮ ಗುರಿತಾಣಗಳಲ್ಲಿ ಕಲಿಸುವ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೆ. ಹುಡುಗನ ಗುಂಡು ಚದರಿದಾಗ, ಅದೇ ರೈಫಲನ್ನು ಅದೇ ತಂಡದ ತೋಟಾಗಳಿಂದ ಮರಳುಚೀಲದ ಮೇಲಿಟ್ಟು ನೀವೂ ಹತ್ತು ಈಡು ಹೊಡೆದು ನೋಡಿರಿ; ಮೂರು ಈಡಿನಿಂದ ತೀರ್ಪು ಕೊಡಬೇಡಿರಿ. ಖಾಲಿ ತೋಟಾಗಳನ್ನು ಲೆಕ್ಕಕ್ಕೆ ಒಪ್ಪಿಸುವ ಮೊದಲು ಹೊಡೆದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, ತೂಗಿರಿ, ಗಾಜಿನ ಮೇಲೆ ಉರುಳಿಸಿರಿ, ಬುಡದ ಉಂಗುರವನ್ನು ಬೆಳಕಿಗೆ ಹಿಡಿಯಿರಿ. ಬೋಲ್ಟಿನ ಎರಡು ಚಾಚುಗಳೂ ಸಮನಾಗಿ ಹೊಳೆಯುತ್ತಿವೆಯೇ ಎಂದು ನೋಡಿ, ಇಲ್ಲವಾದರೆ ಬಲ್ಲ ಕೆಲಸಗಾರನಿಗೆ ಒಪ್ಪಿಸಿರಿ. ಇವನ್ನೆಲ್ಲ ನೋಡಿದ ಮೇಲೂ ತಪ್ಪು ಉಳಿದರೆ, ಆಗ ಹುಡುಗನ ಕೈಯನ್ನು ಹಿಡಿದು ತಿದ್ದಿರಿ. ಹೊಳೆನರಸೀಪುರದ ಆ ಹುಡುಗನು ಮತ್ತೆ ಗುರಿತಾಣಕ್ಕೆ ಬರಲಿಲ್ಲ. ಅವನ ಕೈ ಆ ದಿನ ನಡುಗಿರಲಿಲ್ಲವೆಂದೇ ನಾನು ಇಂದಿಗೂ ನಂಬಿದ್ದೇನೆ.